‘ಇನ್ನಷ್ಟು’ ಗುಂಡಿಯ ಹಿಂದಿನ ಕಿಟಕಿಯಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಔಷಧಿ ವಿಭಾಗದ ಶಟರ್ ಇನ್ನೂ ಸೊಂಟದೆತ್ತರಕ್ಕಷ್ಟೇ ಎದ್ದಿದೆ. ಅದರಡಿ ಬಗ್ಗಿ ಒಳಹೋದ ಹೆಂಗಸೊಬ್ಬರು ದೀಪ ಹಾಕಿ, ತಿಂಡಿ ಡಬ್ಬಿಯ ಚೀಲವನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ, ಒಂದನೇ ಕೌಂಟರಿನ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಬಲ ಮಣಿಕಟ್ಟಿಗೆ ಅಗಲವಾದ ಪಟ್ಟಿ ಸುತ್ತಿಕೊಂಡಿದ್ದಾರೆ. ಕೂತವರು ಮೊದಲು ಮಾಡುವ ಕೆಲಸವೆಂದರೆ ಮೌಸಿನ ವೈರು ಕಿತ್ತು ಅದನ್ನು ಡ್ರಾಯರಿಗೆ ಹಾಕುವುದು. ಅದ್ಯಾಕೆ ಎಂದು ಕೇಳಿದರೆ, ಪರದೆಯಿಂದ ಕಣ್ಣು ಕೀಳದೆ ಉತ್ತರಿಸುತ್ತಾರೆ: “ಇಲ್ಲಿ ಕೂರೋರಿಗೆ ಒಂದು ಕೈಲಿ ಚೀಟಿ, ಇನ್ನೊಂದು ಕೈ ಕೀಬೋರ್ಡ್ ಮೇಲೆ. ಮೌಸ್ ಹಿಡಿಯೋಕೆ ಮೂರನೇ ಕೈ ಇಲ್ವಲ್ಲ. ಅವ್ರ ಹತ್ರ ಇಲ್ಲದ್ದು ನನಗ್ಯಾಕೆ?”

ಪರದೆಯ ನಡುವೆ ಅಂಗೈಯಗಲದ ಒಂದು ಕಿಟಕಿ ಏಳುತ್ತದೆ. ರೋಗಿಯ ಹೆಸರು, ಮಾತ್ರೆಯ ಹೆಸರು, ಎಷ್ಟು ದಿನಕ್ಕೆ ಎಂಬ ಖಾನೆ. ಕೆಳಗೆ ‘ಸರಿ’, ‘ಬೇಡ’ ಎಂಬ ಎರಡು ಗುಂಡಿ, ಪಕ್ಕದಲ್ಲಿ ‘ಇನ್ನಷ್ಟು’ ಎಂಬ ಮೂರನೆಯದು. ಆ ಮೂರನೆಯದನ್ನು ಒತ್ತಿದರೆ ಕಿಟಕಿ ದೊಡ್ಡದಾಗುತ್ತದೆ. ರೋಗಿಗೆ ಯಾವ ಮದ್ದು ಒಗ್ಗುವುದಿಲ್ಲ, ಹಿಂದೆ ಏನೇನು ಕೊಟ್ಟಿದ್ದರು, ವೈದ್ಯರು ಏನು ಬರೆದಿದ್ದಾರೆ, ಎಲ್ಲವೂ ಕಾಣುತ್ತದೆ. ಮತ್ತೊಮ್ಮೆ ಒತ್ತಿದರೆ ಮಡಚಿಕೊಂಡು ಮೊದಲಿನಷ್ಟಾಗುತ್ತದೆ. ಅವರು ಬಿಚ್ಚುತ್ತಾರೆ, ಮಡಚುತ್ತಾರೆ, ಮತ್ತೆ ಬಿಚ್ಚುತ್ತಾರೆ. ನನಗೆ ಬೇರೆ ಕೆಲಸವಿರಲಿಲ್ಲವಾದ್ದರಿಂದ ಎಣಿಸಿದೆ. ನಲವತ್ತಮೂರು ಸಲ.

ಇವರನ್ನು ಜೊತೆಯವರು ಕರೆಯುವುದು ‘ಕಿಟಕಿಯಕ್ಕ’ ಎಂದು. ವಯಸ್ಸು ಐವತ್ತೊಂದು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ, ಎಂಟೇ ಜನರ ಒಂದು ಸಣ್ಣ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ. ಕಂಪ್ಯೂಟರಿನಲ್ಲಿ ಏನೋ ಮಾಡುತ್ತಿರುವಾಗ ನಡುವೆ ಎದ್ದು ಬಂದು ‘ಹೌದಾ, ಅಲ್ವಾ, ಎಷ್ಟು?’ ಎಂದು ಕೇಳುವ ಪುಟ್ಟ ಕಿಟಕಿಗಳಿವೆಯಲ್ಲ, ಡಯಲಾಗ್ ಬಾಕ್ಸ್ ಅನ್ನುತ್ತಾರೆ, ಅವನ್ನು ಕಟ್ಟುವುದೇ ಇವರ ಉದ್ಯೋಗ. ಅದರಲ್ಲೂ ಬೇಕೆಂದಾಗ ಬಿಚ್ಚಿಕೊಂಡು ಬೇಡವೆಂದಾಗ ಮಡಚಿಕೊಳ್ಳುವಂಥವು. ಇದುವರೆಗೆ ಇನ್ನೂರ ಹನ್ನೆರಡು ಕಟ್ಟಿದ್ದಾರೆ.

ಒಪ್ಪಿಕೊಂಡುಬಿಡುತ್ತೇನೆ. ನಾನು ಇಂಥ ಕಿಟಕಿ ಕಂಡ ಕೂಡಲೇ ಓದದೆ ‘ಸರಿ’ ಒತ್ತುವವನು. ಯಾವುದಕ್ಕೆ ಸರಿ ಅಂದೆ ಎಂದು ಈ ಜನ್ಮದಲ್ಲಿ ತಿರುಗಿ ನೋಡಿಲ್ಲ. ಇದನ್ನು ಹೇಳಿದಾಗ ಕಿಟಕಿಯಕ್ಕ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕುಬಿಟ್ಟರು. “ಎಲ್ರೂ ಹಾಗೇ ಮಾಡೋದು. ಓದೋರಿಗೋಸ್ಕರ ಕಟ್ಟೋದು ಸುಲಭ. ಓದದೆ ಇರೋರಿಗೆ ಕಟ್ಬೇಕು, ಅಲ್ಲಿದೆ ಕಷ್ಟ.”

ಪತ್ರಿಕೆಗೆ ಬರೆಯಲೆಂದು ನಾನು ಇವರನ್ನು ಹುಡುಕಿಕೊಂಡು ಬಂದಿರುವುದು ಸುಮ್ಮನೆ ಯಾವುದೋ ಒಂದು ದಿನವಲ್ಲ. ಇಂದು ಒಂದು ಪರೀಕ್ಷೆಯ ಹದಿನಾಲ್ಕನೇ ದಿನ, ಕೊನೆಯದು. ಇವರ ಮಡಚುವ ಕಿಟಕಿಯನ್ನು ಈ ಆಸ್ಪತ್ರೆ ಹೋದ ವರ್ಷ ಎಲ್ಲ ಕೌಂಟರುಗಳಿಂದ ತೆಗೆಸಿಹಾಕಿತ್ತು. ಪಟ್ಟು ಹಿಡಿದು, ಪತ್ರದ ಮೇಲೆ ಪತ್ರ ಬರೆದು, ಇವರು ಒಂದೇ ಒಂದು ಅವಕಾಶ ಗಿಟ್ಟಿಸಿಕೊಂಡಿದ್ದಾರೆ: ಒಂದನೇ ಕೌಂಟರಿನಲ್ಲಿ ಹದಿನಾಲ್ಕು ದಿನದ ಪರೀಕ್ಷೆ. ಇಂದು ಮಧ್ಯಾಹ್ನ ಹನ್ನೆರಡರೊಳಗೆ ಹಿರಿಯ ಫಾರ್ಮಸಿಸ್ಟ್ ಒಂದು ಹಾಳೆಗೆ ಸಹಿ ಹಾಕಿ, ಅದು ಆಸ್ಪತ್ರೆಯ ಸಮಿತಿಯ ಕೈ ಸೇರಿದರೆ ಕಿಟಕಿ ಮೂವತ್ತೆಂಟು ಕೌಂಟರಿಗೂ ಹೋಗುತ್ತದೆ. ಸೇರದಿದ್ದರೆ ಇನ್ನೆಂದೂ ಇಲ್ಲ. ಕಿಟಕಿಯಕ್ಕನನ್ನೂ ವರದಿ ಮುದ್ರಿಸುವ ಕೆಲಸಕ್ಕೆ ಹಾಕುವುದಾಗಿ ಅವರ ಕಚೇರಿಯ ಮುಖ್ಯಸ್ಥರು ಮೊದಲೇ ತಿಳಿಸಿದ್ದಾರೆ.

ತೆಗೆಸಿದ್ದೇಕೆ ಎಂಬ ಕಥೆಯನ್ನು ಇವರು ಬೇರೆಯವರ ತಲೆಗೆ ಕಟ್ಟುವುದಿಲ್ಲ. “ನನ್ನ ತಪ್ಪು” ಎಂದೇ ಶುರು ಮಾಡುತ್ತಾರೆ.

ಆಗ ಕಿಟಕಿಯನ್ನು ಹೊಸದಾಗಿ ಬರೆದಿದ್ದರು. ಮಡಚಿದಾಗ ಕೆಳಗಿನ ಭಾಗ ಕಾಣಬಾರದು, ಅಷ್ಟೇ ತಾನೆ? ಕಿಟಕಿಯ ಎತ್ತರವನ್ನು ಕುಗ್ಗಿಸಿ ಕೈತೊಳೆದುಕೊಂಡಿದ್ದರು. ಕೆಳಗಿದ್ದ ಖಾನೆಗಳು ಕಣ್ಣಿಗೆ ಕಾಣದಿದ್ದರೂ ಒಳಗೆ ಎಚ್ಚರವಾಗಿಯೇ ಇದ್ದವು. ಕೌಂಟರಿನವರು ಒಂದು ಖಾನೆಯಿಂದ ಇನ್ನೊಂದಕ್ಕೆ ಹೋಗಲು ಟ್ಯಾಬ್ ಕೀಲಿ ಒತ್ತುತ್ತಾರೆ. ಒಂದು ದಿನ ಹಾಗೆ ಒತ್ತಿದಾಗ ಕರ್ಸರ್ ದಿನದ ಖಾನೆಗೆ ಬರುವ ಬದಲು, ಮಡಚಿದ ಭಾಗದೊಳಗೆ ಇಳಿದು ‘ಬದಲಿ ಪ್ರಮಾಣ’ ಎಂಬ ಖಾನೆಯಲ್ಲಿ ಹೋಗಿ ಕೂತಿತು. ಮಾಮೂಲಿಗಿಂತ ಬೇರೆ ಪ್ರಮಾಣದಲ್ಲಿ ಮದ್ದು ಕೊಡಬೇಕಿದ್ದರೆ ಮಾತ್ರ ತುಂಬುವ ಖಾನೆ ಅದು. ಫಾರ್ಮಸಿಸ್ಟ್ ಐದು ದಿನಕ್ಕೆಂದು ಐದನ್ನು ಒತ್ತಿದರು. ದಿನದ ಖಾನೆಯಲ್ಲಿ ಮೊದಲೇ ತುಂಬಿರುತ್ತಿದ್ದ ‘ಒಂದು’ ಹಾಗೇ ಉಳಿಯಿತು. ಪೊಟ್ಟಣದ ಚೀಟಿ ಮುದ್ರಣವಾಗಿ ಬಂತು: ಒಂದು ಸಲಕ್ಕೆ ಐದು ಮಾತ್ರೆ.

ಪೊಟ್ಟಣ ಹಿಡಿದ ಮುದುಕರು ಬಾಗಿಲವರೆಗೆ ಹೋಗಿ, ಚೀಟಿ ಓದಿ, ವಾಪಸ್ ಬಂದರಂತೆ. “ಏನಪ್ಪಾ, ಐದನ್ನೂ ಒಂದೇ ಸಲ ನುಂಗೋದಾ?” ಎಂದು ಕೇಳಿದರಂತೆ. ಅವರು ಕೇಳದೆ ಮನೆಗೆ ಹೋಗಿದ್ದರೆ? ಅದು ಎದೆಬಡಿತ ಇಳಿಸುವ ಮಾತ್ರೆ. ಈ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಕಿಟಕಿಯಕ್ಕನ ಮುಖದಲ್ಲೇ ಅದು ಇತ್ತು.

ಆ ದಿನ ಕೌಂಟರಿನಲ್ಲಿದ್ದವರು ಇದೇ ಹಿರಿಯ ಫಾರ್ಮಸಿಸ್ಟ್. ನಿವೃತ್ತಿಗೆ ಎರಡು ವರ್ಷ ಬಾಕಿಯಿರುವ, ಎತ್ತರದ, ಮಾತು ಕಡಿಮೆಯ ಮನುಷ್ಯ. ವಿಚಾರಣೆಯ ವರದಿಯಲ್ಲಿ ಆಸ್ಪತ್ರೆಯವರು ‘ಸಿಬ್ಬಂದಿಯ ಅಜಾಗರೂಕತೆ’ ಎಂದು ಬರೆದರು. ಫಾರ್ಮಸಿಸ್ಟರೂ ಹಾಗೇ ನಂಬಿದರು. ಮೂವತ್ತಮೂರು ವರ್ಷದ ಕೆಲಸದಲ್ಲಿ ಮೊದಲ ಸಲ ತನ್ನ ಕೈ ತಪ್ಪಿತು ಎಂದು ಕುಗ್ಗಿಹೋಗಿದ್ದರಂತೆ. ಅಲ್ಲಿಗೆ ಎಲ್ಲ ಮುಗಿದಿತ್ತು. ಕಿಟಕಿಯ ಬಗ್ಗೆ ಯಾರೂ ಚಕಾರ ಎತ್ತಿರಲಿಲ್ಲ.

ಕಿಟಕಿಯಕ್ಕನಿಗೆ ಮಾತ್ರ ನಿದ್ದೆ ಹತ್ತಲಿಲ್ಲ. ಒಂಬತ್ತು ದಿನ ತಮ್ಮ ಮೇಜಿನ ಮುಂದೆ ಕೂತು ಆ ತಪ್ಪನ್ನು ಮತ್ತೆ ಆಗಿಸಲು ನೋಡಿದರು. ಆಗಲೇ ಇಲ್ಲ. ಒಂಬತ್ತನೇ ದಿನ ಮೌಸ್ ಕೆಟ್ಟಿತು. ಬೇರೆ ತರುವವರೆಗೆ ಕೀಲಿಗಳಲ್ಲೇ ಕೆಲಸ ಮಾಡುತ್ತಿದ್ದಾಗ, ಒತ್ತಿದ ಅಂಕಿ ಎಲ್ಲೂ ಕಾಣದೆ ಮಾಯವಾಯಿತು. ‘ಇನ್ನಷ್ಟು’ ಒತ್ತಿ ಬಿಚ್ಚಿ ನೋಡಿದರೆ ಅಂಕಿ ಒಳಗೆ ಕೂತಿದೆ.

“ಹನ್ನೊಂದು ವರ್ಷ ಟೈಪಿಸ್ಟ್ ಆಗಿದ್ದೋಳು ನಾನು” ಎನ್ನುತ್ತಾರೆ. “ಟ್ಯಾಬ್ ಒತ್ತಿ ಒತ್ತಿ ಬೆರಳು ಸವೆಸಿದ್ದೀನಿ. ಆದ್ರೆ ನಾನು ಕಟ್ಟಿದ್ದನ್ನ ನಾನೇ ಪರೀಕ್ಷೆ ಮಾಡೋವಾಗ ಆರಾಮಾಗಿ ಮೌಸ್ ಹಿಡ್ಕೊಂಡು ಕೂತಿದ್ದೆ. ಎಲ್ಲಿಂದ ಬಂದೆ ಅನ್ನೋದನ್ನೇ ಮರೆತುಬಿಟ್ಟಿದ್ದೆ ನೋಡಿ. ನಾಚಿಕೆ ಆಯ್ತು.”

ಅಂದೇ ಆಸ್ಪತ್ರೆಗೆ ಬಂದು ಹಿರಿಯ ಫಾರ್ಮಸಿಸ್ಟರ ಎದುರು ನಿಂತು, “ಸರ್, ತಪ್ಪು ನಿಮ್ಮದಲ್ಲ, ನನ್ನದು” ಎಂದರು. ಲಿಖಿತವಾಗಿಯೂ ಕೊಟ್ಟರು. ವರದಿ ತಿದ್ದುಪಡಿಯಾಯಿತು, ಫಾರ್ಮಸಿಸ್ಟರ ಹೆಸರು ಚೊಕ್ಕವಾಯಿತು. ಅದರ ಬೆನ್ನಿಗೇ ಮಡಚುವ ಕಿಟಕಿಗಳೆಲ್ಲ ರದ್ದಾದವು. ಕಚೇರಿಯಲ್ಲಿ ಕೆಲವರು, ಇವರು ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಮೂಗು ಮುರಿದರು. ಆ ಮಾತನ್ನು ಇವರು ಹೆಚ್ಚು ಬೆಳೆಸುವುದಿಲ್ಲ.

ರದ್ದಾದ ಮೇಲೆ ಬಂದದ್ದು ಎಲ್ಲವನ್ನೂ ಒಟ್ಟಿಗೇ ತೋರಿಸುವ ದೊಡ್ಡ ಕಿಟಕಿ. ಮೂವತ್ತೊಂದು ಖಾನೆ. ಸಂತೆಯಲ್ಲಿ ನಿಂತು ಹೆಸರು ಕೂಗಿದ ಹಾಗೆ, ‘ಈ ಮದ್ದು ಒಗ್ಗುವುದಿಲ್ಲ’ ಎಂಬ ಸಾಲು ಆ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಮೂರು ಸಲ ಆ ಸಾಲು ತಪ್ಪಿಹೋಗಿ, ಮೂರೂ ಸಲ ಪಕ್ಕದ ಮೇಜಿನವರು ಹಿಡಿದರು. ಕಿಟಕಿಯಕ್ಕನ ಪತ್ರಗಳಿಗೆ ತೂಕ ಬಂದದ್ದು ಆಮೇಲೆ. ಪರೀಕ್ಷೆ ತನ್ನ ಕೌಂಟರಿನಲ್ಲೇ ಆಗಲಿ ಎಂದವರು ಹಿರಿಯ ಫಾರ್ಮಸಿಸ್ಟ್. ಆದರೆ ಸಹಿ ಪುಕ್ಕಟೆ ಸಿಗುವುದಿಲ್ಲ ಎಂದೂ ಮುಖಕ್ಕೇ ಹೇಳಿದರಂತೆ.

ಗಂಟೆ ಆರು. ಶಟರ್ ಪೂರ್ತಿ ಮೇಲೇಳುತ್ತದೆ. ಹೊರಗೆ ಆಗಲೇ ಹದಿನೈದು ಜನರ ಸಾಲು. ಕಿಟಕಿಯಕ್ಕ ಎದ್ದು ಹಿರಿಯ ಫಾರ್ಮಸಿಸ್ಟರಿಗೆ ಕುರ್ಚಿ ಬಿಟ್ಟುಕೊಟ್ಟು, ಎರಡು ಹೆಜ್ಜೆ ಹಿಂದೆ, ಔಷಧಿ ಕಪಾಟಿಗೆ ಒರಗಿ ನಿಲ್ಲುತ್ತಾರೆ. ಕೈಯಲ್ಲಿ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು. ಹದಿಮೂರು ದಿನಗಳಿಂದ ಇದೇ ಜಾಗ, ಇದೇ ನಿಲುವು. ಅಲ್ಲಿ ಅವರ ಚಪ್ಪಲಿಯ ಗುರುತು ಬಿದ್ದಿದೆಯೇ ಎಂದು ನಾನು ಬಗ್ಗಿ ನೋಡಿದೆ.

ಈ ಕೌಂಟರಿಗೆ ದಿನಕ್ಕೆ ನಾನೂರ ಮೂವತ್ತು ಚೀಟಿ ಬರುತ್ತದೆ. ದೊಡ್ಡ ಕಿಟಕಿಯಲ್ಲಿ ಒಂದು ಚೀಟಿಗೆ ಹದಿನಾಲ್ಕು ಸಲ ಕೀಲಿ ಒತ್ತಬೇಕಿತ್ತು. ಇವರ ಮಡಚುವ ಕಿಟಕಿಯಲ್ಲಿ ಒಂಬತ್ತೇ ಸಲ. “ಚೀಟಿಗೆ ಐದು ಒತ್ತು ಉಳೀತು. ದಿನಕ್ಕೆ ಎರಡು ಸಾವಿರದ ನೂರೈವತ್ತು. ಆ ಉಳಿತಾಯ ಎಲ್ಲಿಗೆ ಹೋಗುತ್ತೆ ಗೊತ್ತಾ? ಇಲ್ಲಿಗೆ” ಎಂದು ಬಲ ಮಣಿಕಟ್ಟಿನ ಪಟ್ಟಿಯನ್ನು ತಟ್ಟಿ ತೋರಿಸುತ್ತಾರೆ.

ಆ ಪಟ್ಟಿ ಟೈಪಿಸ್ಟ್ ದಿನಗಳ ಬಳುವಳಿ. ಇಪ್ಪತ್ತನೇ ವಯಸ್ಸಿಗೆ ತಂದೆ ಕಾಲು ಮುರಿದುಕೊಂಡು ಮನೆ ಹಿಡಿದರು. ಓದು ಅಲ್ಲಿಗೆ ನಿಲ್ಲಿಸಿ ಇವರು ಜನನ ಮರಣ ನೋಂದಣಿ ಕಚೇರಿಯಲ್ಲಿ ಟೈಪ್ ಮಾಡಲು ಸೇರಿಕೊಂಡರು. ಕಪ್ಪು ಪರದೆ, ಹಸಿರು ಅಕ್ಷರ, ಬೆಳಗಿನಿಂದ ಸಂಜೆಯವರೆಗೆ ಹುಟ್ಟಿದವರು ಒಂದು ಕಟ್ಟು, ತೀರಿಕೊಂಡವರು ಒಂದು ಕಟ್ಟು. ಒಂದು ಖಾನೆ ಎಡವಟ್ಟಾದರೆ ಇಡೀ ಪುಟ ಮತ್ತೆ ಹೊಡೆಯಬೇಕು. “ಇದನ್ನ ಮಾಡಿದವನು ಒಂದಿನ ಬಂದು ಇಲ್ಲಿ ಕೂತ್ಕೊಂಡ್ರೆ ಸಾಕಿತ್ತು ಅಂತ ದಿನಾ ಶಾಪ ಹಾಕ್ತಿದ್ದೆ” ಎಂದು ನಗುತ್ತಾರೆ. ಕೊನೆಗೆ ಶಾಪ ಹಾಕುವುದು ಬಿಟ್ಟು, ಸಂಜೆಯ ತರಗತಿಗೆ ಸೇರಿ, ತಾವೇ ಮಾಡುವುದನ್ನು ಕಲಿತರು. ತರಗತಿಯಲ್ಲಿ ಇವರಿಗಿಂತ ಹತ್ತು ವರ್ಷ ಚಿಕ್ಕವರೇ ಎಲ್ಲ. ಮೂವತ್ತೆರಡಕ್ಕೆ ಈ ಕೆಲಸ ಸಿಕ್ಕಿತು.

ಹಿಂದಿನ ದಿನ ಸಂಜೆ ನಾನು ಇವರ ಮನೆಗೆ ಹೋಗಿದ್ದೆ. ಎರಡನೇ ಮಹಡಿ, ಎರಡು ಕೋಣೆ, ಊಟದ ಮೇಜಿನ ಮೇಲೆ ತಟ್ಟೆಗಳ ಪಕ್ಕ ಒಂದು ಹಳೆಯ ಕಂಪ್ಯೂಟರ್. ಅದರ ಮುಂದೆ ಕೂತಿದ್ದವರು ಇವರ ಅತ್ತೆ. ಎಪ್ಪತ್ತಾರು ವರ್ಷ, ದಪ್ಪ ಗಾಜಿನ ಕನ್ನಡಕ. ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುತ್ತಿದ್ದವರು. ಬೆರಳುಗಳಲ್ಲಿ ಇನ್ನೂ ಅದೇ ಚುರುಕು. ಹೋದ ವರ್ಷದ ಆ ತಪ್ಪಿನ ಮೇಲೆ ಸೊಸೆ ಕಟ್ಟಿದ ಯಾವ ಕಿಟಕಿಯೂ ಇವರ ಕೈಗೆ ಬರದೆ ಕಚೇರಿಗೆ ಹೋಗುವುದಿಲ್ಲ.

“ಇವಳು ಮೊದಲು ಕಟ್ಟಿದ್ದಿತ್ತಲ್ಲ, ‘ಇನ್ನಷ್ಟು’ ಒತ್ತಿದ್ರೆ ಕೆಳಗಡೆ ಬೆಳೀತಿತ್ತು” ಎಂದು ಅತ್ತೆ ನನಗೆ ವಿವರಿಸಿದರು. “ನಾನು ‘ಸರಿ’ ಒತ್ತೋಣ ಅಂತ ಬೆರಳು ಇಟ್ರೆ ಗುಂಡಿ ಕೆಳಗೆ ಓಡಿಹೋಗಿರೋದು. ಹಳೇ ಪರದೆಲಿ ಅಂತೂ ಪೂರ್ತಿ ಮಾಯ! ನಾನಂದೆ, ಏನಮ್ಮಾ ಇದು, ನಾನು ಗುಂಡಿ ಒತ್ಬೇಕಾ ಇಲ್ಲ ಅದರ ಹಿಂದೆ ಓಡ್ಬೇಕಾ?”

“ಅತ್ತೆ ಹೇಳಿದ್ಮೇಲೆ ತಿರುಗಿಸಿಬಿಟ್ಟೆ” ಎಂದರು ಸೊಸೆ. ಈಗ ಗುಂಡಿಗಳು ನಿಂತಲ್ಲೇ ನಿಲ್ಲುತ್ತವೆ. ಕಿಟಕಿ ಮೇಲಕ್ಕೆ ಬೆಳೆಯುತ್ತದೆ.

ಗಂಡ ಲಿಫ್ಟ್ ರಿಪೇರಿ ಮಾಡುವವರು. ಬಾಗಿಲಲ್ಲಿ ಬೂಟು ಬಿಚ್ಚುತ್ತಲೇ ಮಾತಿಗೆ ಸೇರಿಕೊಂಡರು. “ನಮ್ಮಿಬ್ಬರದೂ ಒಂದೇ ಉದ್ಯೋಗ ಸಾರ್. ತೆಗೆಯೋದು, ಮುಚ್ಚೋದು. ಇವಳದ್ದು ತೆಗೀದಿದ್ರೆ ಜನ ಬೈತಾರೆ. ನಂದು ತೆಗೀದಿದ್ರೆ ಒಳಗಿಂದ ಕಿರುಚ್ತಾರೆ.” “ರೀ, ಸಾಕು. ಪೇಪರಿಗೆ ಬರೀತಾರೆ ಅವರು” ಎಂದು ಕಿಟಕಿಯಕ್ಕ ಗದರಿದರು. “ಬರೀಲಿ ಬಿಡು, ನಿನ್ನಿಂದ ನಂದೂ ಬರುತ್ತೆ” ಎಂದರು ಅವರು. ನಾನು ಹೊರಡುವಾಗ ಮೆಟ್ಟಿಲವರೆಗೆ ಬಂದು, ದನಿ ತಗ್ಗಿಸಿ ಹೇಳಿದರು: “ಹೋದ ವರ್ಷ ಒಂಬತ್ತು ದಿನ ಇವಳು ಸರಿಯಾಗಿ ಊಟ ಮಾಡ್ಲಿಲ್ಲ. ನಾಳೆ ಸಹಿ ಆಗದಿದ್ರೆ ಏನ್ ಮಾಡ್ತಾಳೋ ಗೊತ್ತಿಲ್ಲ. ನೀವಿರ್ತೀರಲ್ಲ, ಸ್ವಲ್ಪ ನೋಡ್ಕೊಳಿ.” ಆಗ ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

ಹಾಗಾಗಿ ಈ ಬೆಳಿಗ್ಗೆ ಚೀಟಿಯ ಮೇಲೆ ಚೀಟಿ ಸರಾಗವಾಗಿ ಸಾಗುತ್ತಿರುವುದನ್ನು ನೋಡಿ ನನಗೇ ಸಮಾಧಾನ. ಹಿರಿಯ ಫಾರ್ಮಸಿಸ್ಟರ ಬೆರಳುಗಳು ಪರದೆ ನೋಡದೆಯೇ ಓಡುತ್ತಿವೆ. ಮದ್ದು ಒಗ್ಗದ ರೋಗಿಯ ಚೀಟಿ ಬಂದರೆ ಕಿಟಕಿ ತಾನಾಗಿಯೇ ಬಿಚ್ಚಿಕೊಂಡು, ಮೇಲ್ಗಡೆಯೇ ದಪ್ಪಕ್ಷರದಲ್ಲಿ ಆ ಸಾಲನ್ನು ತೋರಿಸುತ್ತದೆ. ಉಳಿದವರಿಗೆ ಮಡಚಿಕೊಂಡೇ ಇರುತ್ತದೆ. ಮಡಚಿದ ಭಾಗದ ಖಾನೆಗಳೆಲ್ಲ ಈಗ ನಿಜವಾಗಿಯೂ ಮಲಗಿರುತ್ತವೆ, ಕರ್ಸರ್ ಅಲ್ಲಿಗೆ ಕಾಲಿಡಲಾರದು. ಇದೊಂದಕ್ಕೆ ಏಳು ಸಲ ಬರೆದು ಏಳು ಸಲ ಅಳಿಸಿದ್ದಾರೆ.

ಹತ್ತು ಗಂಟೆಗೆ ಸಾಲು ತೆಳುವಾಗುತ್ತದೆ. ಲೋಟದಲ್ಲಿ ಚಹಾ ಬರುತ್ತದೆ. ಹಿರಿಯ ಫಾರ್ಮಸಿಸ್ಟ್ ಕನ್ನಡಕ ಹಣೆಗೇರಿಸಿ, ಮೇಜಿನ ಪಕ್ಕದ ಕಡತದಿಂದ ಆ ಹಾಳೆ ತೆಗೆಯುತ್ತಾರೆ. “ಕೊಡಮ್ಮಾ ಪೆನ್ನು. ಹದಿನಾಲ್ಕು ದಿನ ಆಯ್ತಲ್ಲ, ಮುಗಿಸೋಣ” ಎನ್ನುತ್ತಾರೆ. ನನ್ನ ಬರಹದ ಕೊನೆಯ ಸಾಲು ಸಿಕ್ಕಿತು ಎಂದು ನಾನು ಪುಸ್ತಕ ಮುಚ್ಚಲು ಹೊರಟಿದ್ದೆ. ಅಷ್ಟರಲ್ಲಿ ಕೌಂಟರಿಗೆ ಒಬ್ಬರು ಮಗುವನ್ನೆತ್ತಿಕೊಂಡು ಬಂದರು. ಇವರೊಬ್ಬರದ್ದು ಮುಗಿಸಿ ಬರುತ್ತೇನೆ ಎಂದು ಫಾರ್ಮಸಿಸ್ಟ್ ತಿರುಗಿ ಕೂತರು.

ಮಗುವಿಗೆ ಒಂದು ಮದ್ದು ಒಗ್ಗುವುದಿಲ್ಲ. ಕಿಟಕಿ ಬಿಚ್ಚಿಕೊಂಡೇ ಎದ್ದಿತು. ಫಾರ್ಮಸಿಸ್ಟ್ ಸಾಲು ಓದಿ, ತಾಯಿಯನ್ನು ಎರಡು ಮಾತು ಕೇಳಿ, ದಿನ ತುಂಬಿ, ಬಿಚ್ಚಿದ ಭಾಗವನ್ನು ಮಡಚಲೆಂದು ಎಸ್ಕೇಪ್ ಕೀಲಿ ಒತ್ತಿದರು. ಮಡಚಿಕೊಳ್ಳಲಿಲ್ಲ. ಇಡೀ ಕಿಟಕಿಯೇ ಮುಚ್ಚಿಹೋಯಿತು. ಅವರು ಏನೂ ಆಗದವರಂತೆ ಚೀಟಿಯ ನಂಬರನ್ನು ಮತ್ತೆ ಒತ್ತಿದರು. ಕಿಟಕಿ ಮತ್ತೆ ಎದ್ದಿತು. ದಿನ ತುಂಬಿದರು, ‘ಸರಿ’ ಒತ್ತಿದರು. ಸರಿಯಾದ ಮದ್ದೇ ಹೋಯಿತು, ತಾಯಿ ಹೊರಟರು. ನಾನು ನೋಡುತ್ತಲೇ ಇದ್ದೆ, ನನಗೇನೂ ಕಾಣಲಿಲ್ಲ.

ಕಿಟಕಿಯಕ್ಕ ಕಪಾಟಿನಿಂದ ಬೆನ್ನು ಕಿತ್ತು ಮುಂದೆ ಬಂದಿದ್ದರು. “ಸರ್, ಈಗ ಎರಡು ಸಲ ಹೊಡೆದ್ರಲ್ಲ?”

“ಹೂಂ. ಆಗಾಗ ಮುಚ್ಚಿಹೋಗುತ್ತೆ. ನನ್ನದೇ ಕೈತಪ್ಪು ಅಂದ್ಕೊಂಡೆ. ಅದೇನು ದೊಡ್ಡ ವಿಷಯ ಅಲ್ಲ.”

“ಎರಡನೇ ಸಲ ಎದ್ದಾಗ ಮಡಚಿಕೊಂಡಿತ್ತು, ನೋಡಿದ್ರಾ?”

ಕಿಟಕಿಯಕ್ಕ ನನ್ನ ಕಡೆ ತಿರುಗಿ ಬಿಡಿಸಿ ಹೇಳಿದರು. ಒಂದೇ ಎಚ್ಚರಿಕೆಯನ್ನು ಪದೇ ಪದೇ ತೋರಿಸಿ ಜನರಿಗೆ ಬೇಸರ ತರಿಸಬಾರದೆಂದು, ಒಮ್ಮೆ ತೋರಿಸಿದ್ದನ್ನು ಕಿಟಕಿ ನೆನಪಿಟ್ಟುಕೊಳ್ಳುವಂತೆ ಅವರೇ ಬರೆದಿದ್ದರು. ಹಾಗಾಗಿ ಎರಡನೇ ಸಲ ಎದ್ದಾಗ, ತೋರಿಸಿಯಾಗಿದೆ ಎಂದುಕೊಂಡು ಅದು ಮಡಚಿಕೊಂಡೇ ಬಂತು. ಹಿರಿಯ ಫಾರ್ಮಸಿಸ್ಟರಿಗೆ ಮೊದಲ ಸಲ ಓದಿದ್ದು ನೆನಪಿತ್ತು. ನಡುವೆ ಫೋನು ಬಂದಿದ್ದರೆ? ಪಾಳಿ ಬದಲಾಗಿ ಬೇರೆಯವರು ಬಂದು ಕೂತಿದ್ದರೆ? ‘ಸರಿ’ ಒತ್ತುವ ಕೈಗೆ ಎಚ್ಚರಿಕೆ ಕಾಣುತ್ತಲೇ ಇರಲಿಲ್ಲ.

ಹಿರಿಯ ಫಾರ್ಮಸಿಸ್ಟ್ ಮತ್ತೆ ಪೆನ್ನಿಗೆ ಕೈಚಾಚಿದರು. “ಸಹಿ ಹಾಕ್ಬೇಡಿ ಸರ್” ಎಂದರು ಕಿಟಕಿಯಕ್ಕ.

ಆ ಕ್ಷಣ ನನಗೆ ಇವರ ಮೇಲೆ ಸಿಟ್ಟೇ ಬಂತು. ಯಾರೂ ನೋಡಿರಲಿಲ್ಲ, ಹಾಳೆ ಎದುರಿಗಿತ್ತು, ಒಂದು ವರ್ಷದ ಹೋರಾಟ ಒಂದು ಸಹಿಯ ದೂರದಲ್ಲಿತ್ತು. ಕಿಟಕಿಯಕ್ಕ ಫೋನು ಮಾಡಿ ತಿಳಿಸಿದಾಗ ಅವರ ಕಚೇರಿಯ ಮುಖ್ಯಸ್ಥರೂ ನನ್ನ ಮನಸ್ಸಿನ ಮಾತನ್ನೇ ಆಡಿದರು. ಅವರ ದನಿ ಪಕ್ಕದಲ್ಲಿ ನಿಂತ ನನಗೂ ಕೇಳುತ್ತಿತ್ತು: “ಈಗ ಸಹಿ ಹಾಕಿಸ್ಕೊಳಿ ಮೇಡಂ, ಆಮೇಲೆ ಸರಿ ಮಾಡಿದ್ರಾಯ್ತು. ಹನ್ನೆರಡು ದಾಟಿದ್ರೆ ನನ್ನ ಕೈಲಿ ಏನೂ ಇರಲ್ಲ.” ಕಿಟಕಿಯಕ್ಕ ಸಾವಧಾನವಾಗಿ ಕೇಳಿಸಿಕೊಂಡರು. “ಇವತ್ತು ಸಂಜೆ ಮೂವತ್ತೆಂಟು ಕೌಂಟರಿಗೆ ಹೋಗುತ್ತೆ ಸರ್ ಇದು. ಆಮೇಲೆ ಅನ್ನೋದರೊಳಗೆ ಯಾರೋ ಒಬ್ಬರು ಪೊಟ್ಟಣ ಹಿಡ್ಕೊಂಡು ಮನೆಗೆ ಹೋಗಿರ್ತಾರೆ” ಎಂದು ಫೋನಿಟ್ಟರು.

ಹತ್ತೂ ಇಪ್ಪತ್ತು. ಕಪಾಟಿನ ಪಕ್ಕ, ಖಾಲಿ ಪೆಟ್ಟಿಗೆಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತರು. ತಿಂಡಿ ಡಬ್ಬಿ ಹಾಗೇ ಇತ್ತು. ಏನು ಮಾಡುತ್ತಿದ್ದೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರೇ ಗೊಣಗಿಕೊಳ್ಳುತ್ತಿದ್ದರು. “ಎಸ್ಕೇಪ್ ಒಂದ್ಸಲ ಒತ್ತಿದ್ರೆ ಮಡಚ್ಕೋ. ಇನ್ನೊಂದ್ಸಲ ಒತ್ತಿದ್ರೆ ಕೇಳು, ಮುಚ್ಲಾ ಅಂತ. ತುಂಬಿದ್ದನ್ನ ಎಸೀಬೇಡ. ಒಗ್ಗದ ಮದ್ದಿದ್ರೆ ಎಷ್ಟು ಸಲ ಎದ್ರೂ ಬಿಚ್ಕೊಂಡೇ ಏಳು. ಬೇಸರ ಬಂದ್ರೆ ಬರ್ಲಿ.” ಮಗುವಿಗೆ ಬುದ್ಧಿ ಹೇಳುವ ದನಿ. ನಡುವೆ ಒಮ್ಮೆ ಮಣಿಕಟ್ಟಿನ ಪಟ್ಟಿ ಬಿಚ್ಚಿ, ಕೈ ಕೊಡವಿ, ಮತ್ತೆ ಬಿಗಿಯಾಗಿ ಸುತ್ತಿಕೊಂಡರು.

ಹನ್ನೊಂದೂ ಇಪ್ಪತ್ತಕ್ಕೆ ಹೊಸ ಕಿಟಕಿ ಒಂದನೇ ಕೌಂಟರಿಗೆ ಬಂತು. ಎರಡನೇ ಕೌಂಟರಿನವರು ಸಾಲನ್ನು ತಮ್ಮ ಕಡೆ ಎಳೆದುಕೊಂಡರು. ಹಿರಿಯ ಫಾರ್ಮಸಿಸ್ಟ್ ಅಂಗಿಯ ತೋಳು ಮಡಚಿಕೊಂಡು ಕೂತು, ಹಠಕ್ಕೆ ಬಿದ್ದವರಂತೆ ಅದನ್ನು ಕೆಡಿಸಲು ಹೊರಟರು. ಪರೀಕ್ಷೆಗೆಂದೇ ಇಟ್ಟಿದ್ದ ಹಳೆಯ ಚೀಟಿಗಳ ಕಟ್ಟು ಬಿಚ್ಚಿದರು. ಎಸ್ಕೇಪನ್ನು ಹತ್ತು ಸಲ ಟಪಟಪನೆ ಬಡಿದರು. ಅರ್ಧ ತುಂಬಿ ಎದ್ದುಹೋದರು, ಬಂದು ಮುಂದುವರಿಸಿದರು. ಎರಡನೇ ಕೌಂಟರಿನವರನ್ನು ಕರೆದು ನಡುವಿನಿಂದ ಕೂರಿಸಿದರು. ಪ್ರತಿ ಸಲವೂ ಆ ದಪ್ಪಕ್ಷರದ ಸಾಲು ಎದುರಿಗೇ ಇತ್ತು. ಹೀಗೆ ಮೂವತ್ತಾರು ಚೀಟಿ ಆಯಿತು. ನಾನಂತೂ ಮತ್ತೆ ಮತ್ತೆ ಗೋಡೆ ಗಡಿಯಾರ ನೋಡುತ್ತಿದ್ದೆ.

ಹನ್ನೊಂದೂ ಐವತ್ತೊಂದಕ್ಕೆ ಅವರು ಹಾಳೆಯನ್ನು ಹತ್ತಿರ ಎಳೆದುಕೊಂಡು ಸಹಿ ಹಾಕಿದರು. ಅಲ್ಲಿಗೆ ನಿಲ್ಲಿಸಲಿಲ್ಲ. ಕೆಳಗೆ ‘ಅಭಿಪ್ರಾಯ’ ಎಂದು ಖಾಲಿ ಬಿಟ್ಟಿದ್ದ ಜಾಗದಲ್ಲಿ, ನಿಧಾನವಾಗಿ, ದುಂಡಗಿನ ಅಕ್ಷರದಲ್ಲಿ ಏನೋ ಬರೆದು, ಹಾಳೆಯನ್ನು ಕಿಟಕಿಯಕ್ಕನ ಕೈಗಿತ್ತರು. “ತಗೋಮ್ಮಾ. ಹೋಗಿ ಮೊದಲು ತಿಂಡಿ ತಿನ್ನು” ಎಂದು ಎದ್ದು, ಹೊರಗೆ ನಿಂತಿದ್ದ ಸಾಲನ್ನು ಕರೆಯಲು ಹೋದರು.

ಅವರು ಬರೆದಿದ್ದು ಎರಡೇ ವಾಕ್ಯ: ‘ತಪ್ಪನ್ನು ಹಿಡಿದವರು ಕಟ್ಟಿದವರೇ. ಈ ಕೆಲಸ ಇವರ ಕೈಯಲ್ಲೇ ಇರಲಿ.’

ಕಿಟಕಿಯಕ್ಕ ಒಮ್ಮೆ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಓದಿದರು. ಆ ಹಾಳೆ ಈಗಲೇ ಸಮಿತಿಯ ಕೋಣೆಗೆ ಹೋಗಬೇಕು, ಒಂಬತ್ತು ನಿಮಿಷವೂ ಉಳಿದಿಲ್ಲ. ಕಾರಿಡಾರಿನಲ್ಲಿ ಬಿರಬಿರನೆ ನಡೆಯುತ್ತಲೇ ನನಗೆ ಹೇಳಿದರು:

“ಹತ್ತೊಂಬತ್ತು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಯಾರಾದ್ರೂ ಬರೆದ್ರೆ ಅದು ದೂರೇ ಆಗಿರ್ತಿತ್ತು. ದೂರಲ್ಲದ್ದು ಇದು ಮೊದಲನೇದು. ಕೊಡೋ ಮುಂಚೆ ಇನ್ನೊಂದ್ಸಲ ಓದ್ಕೊಳ್ಳಾ?”